ಉಪ್ಪು ತಿಂದ ಕೊತ್ತಿ

ನಮ್ಮ ಅತ್ತೆಗೆ ದೇವರಿಗಿಂತ ಗಾದೆಯ ಮೇಲೆ ನಂಬಿಕೆ ಹೆಚ್ಚು. ಮಳೆ ಬಂದರೆ ಒಂದು ಗಾದೆ, ಬಾರದಿದ್ದರೆ ಇನ್ನೊಂದು, ನಾನು ಸಾರಿಗೆ ಹುಳಿ ಜಾಸ್ತಿ ಹಾಕಿದರೆ ಎರಡು. ‘ವೇದ ಸುಳ್ಳಾದ್ರೂ ಗಾದೆ ಸುಳ್ಳಾಗಕ್ಕಿಲ್ಲ ಕಣಮ್ಮಿ’ ಎಂದು ಅವರು ಹೇಳಿದ ಮೇಲೆ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ. ಅಂಥ ಒಂದು ಗಾದೆಯ ದೆಸೆಯಿಂದ ನನ್ನ ಮುದಿ ಕೊತ್ತಿ ಗೋಣಿಚೀಲ ಸೇರಿತು. ಗಾದೆ ಸುಳ್ಳಾಗಲಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಕೊತ್ತಿ ಎಂದರೆ ಬೆಕ್ಕು. ನಮ್ಮ ಕಡೆ ಬೆಕ್ಕು ಇರುವುದು ಮಕ್ಕಳ ಪುಸ್ತಕದಲ್ಲಿ, ಮನೆಯಲ್ಲಿರುವುದು ಕೊತ್ತಿ. ನನ್ನದು ಹುಟ್ಟಿದ್ದು ಕಿರುಗಾವಲಿನ ಹತ್ತಿರ ನನ್ನ ತವರಿನಲ್ಲಿ, ನಮ್ಮೂರ ಗದ್ದೆಗೆ ಮೊದಲ ಸಲ ನಾಲೆ ನೀರು ಹರಿದ ವರ್ಷ. ಆಗ ನನಗೆ ಹತ್ತು. ಹದಿನಾರಕ್ಕೆ ಮದುವೆಯಾಗಿ ಮದ್ದೂರಿನ ಪಕ್ಕದ ಹಳ್ಳಿಗೆ ಹೊರಟಾಗ ಗಾಡಿಯಲ್ಲಿ ಹಿತ್ತಾಳೆ ಪಾತ್ರೆ, ಚಾಪೆ, ಒಂದು ತಗಡಿನ ಪೆಟ್ಟಿಗೆ ಇದ್ದವು. ಅವುಗಳ ನಡುವೆ ಬಾಯಿಗೆ ಬಟ್ಟೆ ಕಟ್ಟಿದ ಒಂದು ಬಿದಿರಿನ ಮಂಕರಿ. ಮಳವಳ್ಳಿ ದಾಟುವವರೆಗೂ ಮಂಕರಿ ಕೂಗುತ್ತಲೇ ಇತ್ತು, ನಾನು ಅಳುತ್ತಲೇ ಇದ್ದೆ. ಆಮೇಲೆ ಇಬ್ಬರಿಗೂ ನಿದ್ದೆ ಬಂತು.

ಹೊಸಿಲ ಬಳಿ ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ನನ್ನ ಮುಖಕ್ಕಿಂತ ಮೊದಲು ಮಂಕರಿ ನೋಡಿದರು. ‘ಸೊಸೆ ಒಬ್ಳು ಬತ್ತಾಳೆ ಅಂದಿದ್ರು, ಇಬ್ರು ಬಂದವ್ರಲ್ಲ’ ಎಂದರು. ಆದರೆ ಆ ಮನೆಯ ರಾಗಿ ವಾಡೆಗಳಲ್ಲಿ ರಾಗಿಗಿಂತ ಇಲಿ ಹೆಚ್ಚಿದ್ದವು. ಆಳೆತ್ತರದ ಮಣ್ಣಿನ ವಾಡೆಯೊಳಗೆ ಮಕ್ಕಳು ಮರಿ ಮಾಡಿಕೊಂಡು ಸುಖವಾಗಿದ್ದ ಇಲಿಗಳನ್ನು ಕೊತ್ತಿ ಒಂದು ತಿಂಗಳಲ್ಲಿ ಊರು ಬಿಡಿಸಿತು. ನನ್ನನ್ನು ಒಪ್ಪಿಕೊಳ್ಳಲು ಅತ್ತೆಗೆ ಎರಡು ವರ್ಷ ಬೇಕಾಯಿತು, ಕೊತ್ತಿಯನ್ನು ಒಪ್ಪಿಕೊಳ್ಳಲು ಆ ಒಂದು ತಿಂಗಳು ಸಾಕಾಯಿತು. ನನಗೇನೂ ಹೊಟ್ಟೆಕಿಚ್ಚಿರಲಿಲ್ಲ. ತವರಿನಿಂದ ಬಂದವರಲ್ಲಿ ಒಬ್ಬರಿಗಾದರೂ ಮರ್ಯಾದೆ ಸಿಕ್ಕಿತಲ್ಲ ಅಂತ ಸಮಾಧಾನವೇ ಆಯಿತು.

ಮನೆಯಲ್ಲಿ ಅತ್ತೆ, ಮಾವ, ನಾನು, ಆಮೇಲೆ ಹುಟ್ಟಿದ ನನ್ನ ಎರಡು ಮಕ್ಕಳು. ನಮ್ಮವರಿಗೆ ಮಂಡ್ಯದಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಯುದ್ಧದ ಕಾಲ. ಸೀಮೆಎಣ್ಣೆ ಇಲ್ಲ, ಒಳ್ಳೆ ಸೀರೆ ಇಲ್ಲ ಎಂದು ಎಲ್ಲರೂ ಗೊಣಗುತ್ತಿದ್ದರು, ನಾನೂ ಗೊಣಗುತ್ತಿದ್ದೆ. ಈಗ ನೆನೆದರೆ ಗೊಣಗುವಂಥದ್ದೇನೂ ಇರಲಿಲ್ಲ ಎನಿಸುತ್ತದೆ. ನಾಲೆ ನೀರಿತ್ತು, ಗದ್ದೆಯಲ್ಲಿ ಭತ್ತವಿತ್ತು, ಹಬ್ಬಕ್ಕೆ ಬಾಡೂಟವಿತ್ತು, ತೊಟ್ಟಿಲ ಕೆಳಗೆ ಮಲಗಿ ಕೂಸು ಕಾಯಲು ಕೊತ್ತಿಯಿತ್ತು.

ಯುದ್ಧ ಮುಗಿದ ಮರುವರ್ಷ ಇರಬೇಕು, ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಒಂದು ಇಲಿ ಹಾದುಹೋಯಿತು. ಕೊತ್ತಿ ಅದನ್ನು ನೋಡಿತು, ಬರೀ ನೋಡಿತು, ಮತ್ತೆ ಕಣ್ಣು ಮುಚ್ಚಿತು. ಎತ್ತಿಕೊಂಡರೆ ಹಗುರ, ಕೈಗೆ ಬರೀ ಬೆನ್ನೆಲುಬು ಸಿಕ್ಕಿತು. ಮುದ್ದೆ ಹಾಲು ಕಲಸಿ ಇಟ್ಟರೆ ಮೂಸಿ ಹೋಗುತ್ತಿತ್ತು. ಎರಡು ದಿನ ಏನೂ ಮುಟ್ಟಲಿಲ್ಲ. ಮೂರನೇ ದಿನ ನನಗೆ ಅಟ್ಟದ ಮೇಲಿನ ಗಡಿಗೆ ನೆನಪಾಯಿತು.

ಆ ಗಡಿಗೆಯಲ್ಲಿ ಉಪ್ಪುಕಂಡ ಇರುತ್ತಿತ್ತು. ಹಬ್ಬಕ್ಕೆ ಕುಯ್ದ ಮರಿಯ ಬಾಡು ಮಿಕ್ಕರೆ ಅದಕ್ಕೆ ಉಪ್ಪು ಅರಿಶಿನ ತಿಕ್ಕಿ, ಸರ ಪೋಣಿಸಿ, ಬಿಸಿಲಿಗೆ ಕಟ್ಟಿ ಒಣಗಿಸಿ ಗಡಿಗೆಗೆ ತುಂಬುವುದು ಅತ್ತೆಯ ಕೆಲಸ. ಮಳೆಗಾಲದಲ್ಲಿ ಮಾವನಿಗೆ ಅದರ ಸಾರು ಇಲ್ಲದಿದ್ದರೆ ಮುದ್ದೆ ಇಳಿಯುತ್ತಿರಲಿಲ್ಲ. ನಾನು ಒಂದು ತುಂಡು ತೆಗೆದು, ಬಿಸಿನೀರಲ್ಲಿ ನೆನೆಸಿ, ಗುಂಡುಕಲ್ಲಿನಿಂದ ಜಜ್ಜಿ ಅಂಗೈಯಲ್ಲಿ ಹಿಡಿದೆ. ಕೊತ್ತಿ ತಿಂದಿತು. ಅಂಗೈಗೆ ಅಂಟಿದ ಉಪ್ಪನ್ನೂ ಬಿಡದೆ ನೆಕ್ಕಿತು. ಅದರ ಒರಟು ನಾಲಿಗೆ ಕೈಮೇಲೆ ಆಡುತ್ತಿದ್ದರೆ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವತ್ತಿನಿಂದ ಎರಡು ದಿನಕ್ಕೊಂದು ತುಂಡು, ಅತ್ತೆ ಕೊಟ್ಟಿಗೆಗೆ ಹೋದ ಹೊತ್ತು ನೋಡಿ.

ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ಎನ್ನುತ್ತಾರಲ್ಲ, ನಾನು ಕಣ್ಣುಮುಚ್ಚಿ ಬೆಕ್ಕಿಗೆ ಉಣಿಸಿದೆ.

ಆಮೇಲೆ ಶುರುವಾಯಿತು ಬಾಯಾರಿಕೆ. ದಿನಕ್ಕೊಂದು ಸಲ ನಾಲಿಗೆ ಅದ್ದುತ್ತಿದ್ದ ಕೊತ್ತಿ, ಅಂಗಳದಲ್ಲಿ ದನಕ್ಕೆ ನೀರಿಡುವ ಕಲ್ಲುಬಾನಿಯ ಅಂಚಿಗೆ ಮುಂಗಾಲೂರಿ ಕರುವಿನಂತೆ ಕುಡಿಯತೊಡಗಿತು. ಕುಡಿದಷ್ಟೂ ಹೊರಗೆ ಹೋಗುತ್ತಿತ್ತು. ಒಲೆಯ ಬೂದಿಯೆಲ್ಲ ಒದ್ದೆ, ಗೋಣಿತಾಟು ಒದ್ದೆ, ಒಂದು ದಿನ ಮಾವನ ಟವೆಲ್ಲೂ ಒದ್ದೆ. ನೀರೆಂದರೆ ದೂರ ಓಡುವ ಜಾತಿ ಹೀಗೆ ಬಾನಿ ಬಿಡದೆ ಕೂತದ್ದು ಅಕ್ಕಪಕ್ಕದವರಿಗೂ ವಿಚಿತ್ರವಾಗಿ ಕಂಡಿತು.

ಅತ್ತೆಗೆ ವಿಚಿತ್ರವೇನೂ ಕಾಣಲಿಲ್ಲ. ಅವರು ಏಣಿ ಹಾಕಿ ಅಟ್ಟ ಹತ್ತಿದರು, ಗಡಿಗೆ ಇಳಿಸಿದರು, ಒಳಗೆ ಕೈಯಾಡಿಸಿ ನೋಡಿ ಸೊಂಟದ ಮೇಲೆ ಕೈಯಿಟ್ಟರು.

‘ಅರ್ಧ ಗಡಿಗೆ ಖಾಲಿ ಆಗದೆ. ಉಪ್ಪು ತಿಂದೋರು ನೀರ್ ಕುಡೀಲೇಬೇಕು ಕಣಮ್ಮಿ. ಈ ಕೊತ್ತಿ ಯಾಕೆ ನೀರ್ ಕುಡೀತದೆ ಅಂತ ಈಗ ಗೊತ್ತಾತಲ್ಲ.’

ತಪ್ಪು ಮಾಡಿದವನು ಅದರ ಫಲ ಉಣ್ಣಲೇಬೇಕು ಎಂದು ಲೋಕವೆಲ್ಲ ಆ ಗಾದೆಯನ್ನು ಆಡುತ್ತದೆ. ಅತ್ತೆ ಅದನ್ನು ತಿರುಗಿಸಿ ಹಿಡಿದಿದ್ದರು. ನೀರು ಕುಡಿಯುತ್ತಿದೆ, ಆದ್ದರಿಂದ ಉಪ್ಪು ತಿಂದಿದೆ. ಉಪ್ಪು ತಿಂದಿದೆ, ಆದ್ದರಿಂದ ಕದ್ದಿದೆ. ವಕೀಲರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಅರ್ಧ ಗಡಿಗೆ ಎಂಬುದು ಮಾತ್ರ ಅತಿಯಾಯಿತು ಎಂದುಕೊಂಡೆ. ನಾನು ತೆಗೆದದ್ದು ಹೆಚ್ಚೆಂದರೆ ಒಂದು ಬೊಗಸೆ. ಆದರೆ ಅತ್ತೆಗೆ ಯಾವತ್ತೂ ಒಂದು ಕಂಡರೆ ನಾಲ್ಕು ಹೇಳುವ ರೂಢಿ.

‘ಉಂಡ ಮನೇಗೆ ಎರಡು ಬಗೀತಲ್ಲ ಇದು’ ಎಂದು ಅವರು ಬಾನಿಯ ಮೇಲೆ ಹಲಗೆ ಮುಚ್ಚಿದರು. ಬಿಂದಿಗೆಗಳ ಬಾಯಿಗೆ ತಟ್ಟೆ ಬಿದ್ದವು. ಕಳ್ಳನಿಗೆ ನೀರು ಸಿಗದಿದ್ದರೆ ಕಳ್ಳತನ ನಿಲ್ಲುತ್ತದೆ ಎಂಬ ಎಣಿಕೆ. ಕೊತ್ತಿ ಬಚ್ಚಲ ಕಲ್ಲಿನ ಸಂದಿಯನ್ನು ನೆಕ್ಕುವುದನ್ನು ನೋಡಿದೆ. ಮುಚ್ಚಿದ ಬಾನಿಯ ಪಕ್ಕ ಕೂತು ಅದು ನನ್ನ ಕಡೆ ನೋಡುತ್ತಿತ್ತು. ನಾನು ಯಾರೂ ಇಲ್ಲದಾಗ ಒಂದಿಷ್ಟು ನೀರು ಹಾಕುತ್ತಿದ್ದೆ, ಆದರೆ ಅದಕ್ಕೆ ಬೇಕಿದ್ದಷ್ಟು ಹಾಕಲು ಧೈರ್ಯ ಬರಲಿಲ್ಲ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಾವನ ಸಾರಿನ ಬಾಡನ್ನು ತವರಿನ ಕೊತ್ತಿಗೆ ತಿನ್ನಿಸಿದವಳು ಎಂಬ ಮಾತು ಊರ ಬಾವಿಕಟ್ಟೆಗೆ ಹೋದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಎಂಟು ವರ್ಷ ಕಷ್ಟಪಟ್ಟು ಗಳಿಸಿದ ಒಳ್ಳೆ ಸೊಸೆ ಎಂಬ ಹೆಸರು ನನಗೆ ಆಗ ದೊಡ್ಡದಾಗಿ ಕಂಡಿತು. ಹೇಡಿತನಕ್ಕೆ ಬೇರೆ ಹೆಸರಿಟ್ಟರೂ ಅದು ಹೇಡಿತನವೇ.

ಸಂತೆಯ ದಿನ ಬಂತು. ಗಾಡಿಯ ಎತ್ತಿಗೆ ನೊಗ ಉಜ್ಜಿ ಹೆಗಲು ಹುಣ್ಣಾಗಿತ್ತು, ಮಾವ ಅದನ್ನು ಮದ್ದೂರಿನ ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋಗುವವರಿದ್ದರು. ಅತ್ತೆ ಗೋಣಿಚೀಲ ತಂದರು. ‘ಎಂಗೂ ಓಯ್ತಿದ್ದೀಯ. ಇದನ್ನ ಚೀಲದೊಳೀಕೆ ಆಕಿ, ಮೂರು ಸುತ್ತು ತಿರುಗ್ಸಿ, ಶಿಂಷಾ ಒಳೆ ಆಚೆ ಬುಟ್ಟು ಬಾ’ ಎಂದರು. ಕಳ್ಳ ಕೊತ್ತಿಯನ್ನು ನಮ್ಮ ಕಡೆ ಕೊಲ್ಲುವುದಿಲ್ಲ, ಆ ಪಾಪಕ್ಕೆ ಚಿನ್ನದ ಕೊತ್ತಿ ಮಾಡಿಸಿ ದಾನ ಕೊಡಬೇಕಂತೆ. ಹೊಳೆ ದಾಟಿಸಿದರೆ ದಾರಿ ತಪ್ಪುತ್ತದೆ, ಪಾಪವೂ ಇಲ್ಲ. ಹಲಗೆ ಮುಚ್ಚಿದ ಬಾನಿಯ ಮುಂದೆ ಕೂರುವ ಮುದಿ ಕೊತ್ತಿ ಹೊಳೆಯಾಚೆ ಎರಡು ದಿನ ಬದುಕುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು ಎಂದು ಕಾಣುತ್ತದೆ, ಏಕೆಂದರೆ ಚೀಲದ ಬಾಯಿ ಕಟ್ಟುವಾಗ ಅವರು ಅದನ್ನು ಸಡಿಲವಾಗಿ ಕಟ್ಟಿದರು.

‘ಚೀಲ ನಾನು ಹಿಡ್ಕೊತೀನಿ, ಮಾವ ಎತ್ತು ನೋಡ್ಕೊಳ್ಳಲಿ’ ಎಂದು ನಾನೂ ಹೊರಟೆ. ಹೋಗಿ ಏನು ಮಾಡುತ್ತೇನೆ ಎಂಬುದು ನನಗೇ ತಿಳಿದಿರಲಿಲ್ಲ. ಮುಂದೆ ಮಾವ ಮತ್ತು ಎತ್ತು, ಹಿಂದೆ ಸೊಂಟದ ಮೇಲೆ ಚೀಲ ಹೊತ್ತ ನಾನು. ದಾರಿಯಲ್ಲಿ ಚೀಲ ಒದ್ದೆಯಾಯಿತು, ನನ್ನ ಸೀರೆಯೂ ಒದ್ದೆಯಾಯಿತು. ಮಾವ ಮಾತಿನವರಲ್ಲ. ಮದ್ದೂರು ಬರುವವರೆಗೆ ಅವರು ಆಡಿದ ಮಾತು ಎತ್ತಿನ ಜೊತೆ ಮಾತ್ರ.

ದನದ ಆಸ್ಪತ್ರೆ ಎಂದರೆ ಹೆಂಚಿನ ಒಂದು ಕಟ್ಟಡ, ಮುಂದೆ ಹುಣಸೆಮರ. ಡಾಕ್ಟರು ಕನ್ನಡಕದ ನಡುವಯಸ್ಸಿನವರು, ಮೈಸೂರು ಕಡೆಯ ಮಾತು. ಎತ್ತಿನ ಹುಣ್ಣು ತೊಳೆದು ಮುಲಾಮು ಹಚ್ಚುತ್ತಿದ್ದಾಗ ಚೀಲ ಒಮ್ಮೆ ಕೂಗಿತು.

‘ಅದರಲ್ಲೇನಿದೆ?’ ಎಂದರು.

‘ಕಳ್ಳ್ ಕೊತ್ತಿ ಸ್ವಾಮಿ’ ಎಂದರು ಮಾವ. ‘ಒಳೆ ಆಚೆ ಬುಡಾನ ಅಂತ. ಉಪ್ಪುಕಂಡ ಕದ್ದು ತಿಂತದೆ, ಬಾನಿ ನೀರೆಲ್ಲ ಕುಡೀತದೆ.’

ಡಾಕ್ಟರು ಕಳ್ಳತನದ ಬಗ್ಗೆ ಕೇಳಲೇ ಇಲ್ಲ. ‘ನೀರು ಎಷ್ಟು ಕುಡಿಯುತ್ತೆ?’ ಎಂದರು. ನಾನು ಹೇಳಿದೆ. ಬೂದಿಯ ವಿಷಯವೂ ಹೇಳಿದೆ. ಅವರು ಕೈ ತೊಳೆದು ಬಂದು, ಚೀಲ ಬಿಚ್ಚಿಸಿ, ಕೊತ್ತಿಯನ್ನು ಮೇಜಿನ ಮೇಲೆ ನಿಲ್ಲಿಸಿದರು. ಕತ್ತಿನ ತೊಗಲನ್ನು ಚಿವುಟಿ ಎತ್ತಿ ಬಿಟ್ಟರೆ ಅದು ಎದ್ದಂತೆಯೇ ನಿಂತು ನಿಧಾನವಾಗಿ ಇಳಿಯಿತು. ‘ಇದಕ್ಕೆ ನೀರು ಸಾಲದಾಗಿದೆ’ ಎಂದರು. ಇಷ್ಟು ಕುಡಿಯುವ ಕೊತ್ತಿಗೆ ನೀರು ಸಾಲದೆಂದರೆ ಮಾವನಿಗೆ ನಗು ಬಂತು.

‘ವಯಸ್ಸೆಷ್ಟು ಇದಕ್ಕೆ?’

‘ನನ್ ವಯಸ್ಸೇ ನಂಗೊತ್ತಿಲ್ಲ, ಕೊತ್ತೀದು ಎಲ್ಲಿಂದ ತರಾನ ಸ್ವಾಮಿ?’

ನನಗೆ ಗೊತ್ತಿತ್ತು. ನಾಲೆ ನೀರು ಬಂದ ವರ್ಷದಿಂದ ಬೆರಳು ಮಡಿಸಿ ಎಣಿಸಿದೆ, ಹದಿನಾಲ್ಕು. ‘ಹಾಗಾದರೆ ಬೆಕ್ಕಿನ ಲೆಕ್ಕದಲ್ಲಿ ಇದು ನಿಮ್ಮ ಮಾವನಿಗಿಂತ ದೊಡ್ಡದಮ್ಮ’ ಎಂದರು ಡಾಕ್ಟರು. ಆಮೇಲೆ ಇದರ ತಾಯಿ ಹೇಗೆ ಸತ್ತಿತು ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಬೆಚ್ಚಿದೆ. ತವರಿನ ಆ ತಾಯಿ ಕೊತ್ತಿಯೂ ಕೊನೆಯ ಬೇಸಿಗೆಯಲ್ಲಿ ದಿನವಿಡೀ ಬಾವಿಯ ತೊಟ್ಟಿ ಬಿಡುತ್ತಿರಲಿಲ್ಲ. ಬಿಸಿಲಿನ ಝಳ ಎಂದು ನಮ್ಮವ್ವ ಸುಮ್ಮನಾಗಿದ್ದಳು. ಹಿಂದೆ ಯಾವಾಗಲಾದರೂ ವಿಷ ತಿಂದಿತ್ತೇ ಎಂದಾಗ ಮಾವನೇ ಹೇಳಿದರು. ಒಂದು ವರ್ಷ ಪಕ್ಕದ ಮನೆಯವರು ಪಾಷಾಣ ಇಟ್ಟಿದ್ದರು, ಅದನ್ನು ತಿಂದ ಇಲಿಯನ್ನು ಕೊತ್ತಿ ತಿಂದು ಮೂರು ದಿನ ವಾಂತಿ ಮಾಡಿ ಉಳಿದುಕೊಂಡಿತ್ತು.

ಡಾಕ್ಟರು ಕೊತ್ತಿಯ ಹೊಟ್ಟೆಯನ್ನು ಎರಡೂ ಕಡೆಯಿಂದ ಮೆತ್ತಗೆ ಒತ್ತಿ ಏನನ್ನೋ ಹುಡುಕಿದರು. ‘ಮೂತ್ರಪಿಂಡ’ ಎಂದರು. ನಮಗಿಬ್ಬರಿಗೂ ತಿಳಿಯಲಿಲ್ಲ. ‘ಮರಿ ಕುಯ್ದಾಗ ಬೆನ್ನಿಗೆ ಅಂಟಿಕೊಂಡು ಎರಡು ಇರುತ್ತಲ್ಲ, ದೊಡ್ಡ ಅವರೆಕಾಳಿನ ಥರ. ಅವು ಕೆಟ್ಟಿವೆ, ಕುಗ್ಗಿ ಗಟ್ಟಿಯಾಗಿವೆ. ಮಡಕೆ ಸೋರುತ್ತಿದೆ ಅಂದುಕೊಳ್ಳಿ. ಸೋರುವುದಕ್ಕೇ ಇದು ಕುಡಿಯುವುದು. ನೀರು ತಪ್ಪಿಸಿದರೆ ವಾರ ಬದುಕೋಲ್ಲ.’

‘ಉಪ್ಪಿನಿಂದ ಬಂತಾ ಸ್ವಾಮಿ?’ ಎಂದೆ. ನನ್ನ ಬಾಯಿಯೂ ಒಣಗಿತ್ತು.

‘ಉಪ್ಪಿಂದಲೇ ಅಂತ ಹೇಳೋಕಾಗಲ್ಲ. ವಯಸ್ಸು ಎಲ್ಲಕ್ಕಿಂತ ದೊಡ್ಡ ಕಾರಣ. ಅದರ ಮೇಲೆ ಆ ಪಾಷಾಣ, ತಾಯಿಯಿಂದ ಬಂದದ್ದು, ಯಾವುದು ಎಷ್ಟು ಕೆಡಿಸಿತೋ ಯಾರಿಗೆ ಗೊತ್ತು. ಆದರೆ ಸೋತ ಎತ್ತಿನ ಮೇಲೆ ಮೂಟೆ ಹೇರಬಾರದಲ್ಲ. ಇನ್ನು ಉಪ್ಪು ಬೇಡ.’

ಹೀಗೆನ್ನುತ್ತಾ ಅವರು ಕೊತ್ತಿಯ ಬಾಯಿ ಅಗಲಿಸಿದರು. ನಾತ ನನಗೂ ಬಡಿಯಿತು. ಒಸಡು ಕೆಂಪಗೆ ಊದಿ ಕೀವು ತುಂಬಿತ್ತು. ‘ಇದೂ ಒಂದು. ಬಾಯಿಯ ಕೀವು ಒಳಗಿಳಿದು ಅಲ್ಲಿಗೂ ಹೋಗುತ್ತೆ’ ಎಂದವರು, ಮತ್ತೊಮ್ಮೆ ಬಗ್ಗಿ ನೋಡಿ ಮಾವನ ಕಡೆ ತಿರುಗಿದರು.

‘ಯಜಮಾನರೇ, ಈ ಬಾಯಲ್ಲಿ ಒಂದು ಹಲ್ಲು ನೆಟ್ಟಗಿಲ್ಲ. ಒಣಗಿದ ಉಪ್ಪುಕಂಡ ಇದು ಹೇಗೆ ಕಚ್ಚುತ್ತೆ? ಇದು ಕದ್ದಿಲ್ಲ. ಯಾರೋ ನೆನೆಸಿ, ಜಜ್ಜಿ, ಬಾಯಿಗಿಟ್ಟಿದ್ದಾರೆ.’

ಮಾವ ನನ್ನ ಕಡೆ ನೋಡಲಿಲ್ಲ. ಎತ್ತಿನ ಕಡೆ ನೋಡಿದರು. ಅದಕ್ಕೇ ನನಗೆ ಹೇಳಲು ಸಾಧ್ಯವಾಯಿತು ಎನಿಸುತ್ತದೆ. ‘ನಾನೇ ಕೊಟ್ಟಿದ್ದು’ ಎಂದೆ.

ಅಲ್ಲಿಂದ ಹೊರಬಂದರೆ ರಸ್ತೆ ಒಂದು ಕಡೆ ಹೊಳೆಯ ಸೇತುವೆಗೆ, ಇನ್ನೊಂದು ಕಡೆ ಊರಿಗೆ. ಮಾವ ಎತ್ತನ್ನು ಊರ ಕಡೆ ತಿರುಗಿಸಿದರು. ಚೀಲವನ್ನು ಮಡಿಸಿ ಎತ್ತಿನ ಬೆನ್ನ ಮೇಲೆ ಹಾಕಿದರು. ಕೊತ್ತಿ ನನ್ನ ಸೆರಗಿನೊಳಗೆ ಇತ್ತು. ಸ್ವಲ್ಪ ದೂರ ಹೋದ ಮೇಲೆ, ‘ಮೊದ್ಲೇ ಯೋಳದಲ್ವಾ ಕಣವ್ವ’ ಎಂದರು.

‘ಅತ್ತೆ ಬಯ್ತಾರೆ ಅಂತ ಮಾವ.’

‘ಬಯ್ತಾಳೆ. ಅದ್ಕೇನೀಗ? ನಂಗೆ ಮೂವತ್ತೊರ್ಸದಿಂದ ಬಯ್ತಾವ್ಳೆ, ಸತ್ತೋದ್ನಾ?’

ಅತ್ತೆ ಜಗುಲಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದರು. ನನ್ನ ಸೆರಗಿನಿಂದ ಇಣುಕಿದ ಕೊತ್ತಿಯ ತಲೆ ಕಂಡು ಮೊರ ನಿಂತಿತು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಗಡಿಗೆ, ಗುಂಡುಕಲ್ಲು, ಅವರೆಕಾಳು, ಪಾಷಾಣ, ಸೋರುವ ಮಡಕೆ. ಬೈಗಳು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಅವರು ಕೇಳಿದ ಮೊದಲ ಮಾತು, ‘ಅಲ್ಲೇ ಇಲ್ವಂತಾ?’

‘ಒಂದು ಹಲ್ಲೂ ನೆಟ್ಟಗಿಲ್ವಂತೆ.’

‘ನೀನು ಎಷ್ಟು ಕೊಟ್ಟೆ?’

‘ಎರಡು ದಿನಕ್ಕೊಂದು ತುಂಡು.’

ಅತ್ತೆ ಬೆರಳು ಮಡಿಸಿ ಏನೋ ಎಣಿಸಿದರು. ನನ್ನ ತಪ್ಪುಗಳನ್ನು ಎಣಿಸುತ್ತಿದ್ದಾರೆ ಎಂದುಕೊಂಡೆ. ಎದ್ದು ಹೋಗಿ ಬಾನಿಯ ಹಲಗೆ ತೆಗೆದು ಗೋಡೆಗೆ ಒರಗಿಸಿದರು. ಆಮೇಲೆ ನನ್ನ ಕಡೆ ತಿರುಗದೆಯೇ, ‘ಉಪ್ಪು ತಿಂದೋರು ನೀರ್ ಕುಡೀಬೇಕು. ಉಪ್ಪು ತಿನ್ನಿಸ್ದೋರು ನೀರ್ ಇಡಬೇಕು. ಓಗು, ಇಡೋಗು’ ಎಂದರು. ಅಷ್ಟೇ. ಇಷ್ಟು ಕಡಿಮೆ ಬೆಲೆಗೆ ಬಿಡುಗಡೆಯಾದದ್ದು ನನಗೆ ನಂಬಲಾಗಲಿಲ್ಲ. ಎರಡು ದಿನ ಹೆದರಿಕೊಂಡೇ ಓಡಾಡಿದೆ. ಬೈಗಳು ಬರಲೇ ಇಲ್ಲ.

ಒಲೆಯ ಪಕ್ಕ ಒಂದು ತೆಂಗಿನ ಕರಟ, ಜಗುಲಿಯ ಮೂಲೆಯಲ್ಲಿ ಒಂದು ಕಲ್ಲಿನ ಮರಿಗೆ. ಎರಡಕ್ಕೂ ಬೆಳಿಗ್ಗೆ ಸಂಜೆ ಹೊಸ ನೀರು. ಬಾಡು ಬೇಯಿಸಿದ ದಿನ ಉಪ್ಪು ಹಾಕುವ ಮೊದಲೇ ಕೊತ್ತಿಯ ಪಾಲು ಎತ್ತಿಡುತ್ತಿದ್ದೆ. ಒಂದು ಸಲ ಅದರ ಪಾಲು ಎತ್ತಿಟ್ಟ ಸಂಭ್ರಮದಲ್ಲಿ ಮನೆಯವರ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಮಾವ ಒಂದು ತುತ್ತು ನುಂಗಿ, ‘ನಂಗೂ ಬ್ಯಾಡ ಅಂದವ್ರಾ ಡಾಕ್ಟ್ರು?’ ಎಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು.

ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೂ ಕೊತ್ತಿ ವರ್ಷದ ಮೇಲೆ ಬದುಕಿತು. ಮೈ ತುಂಬಿಕೊಳ್ಳಲಿಲ್ಲ, ಇಲಿ ಹಿಡಿಯಲಿಲ್ಲ, ಆದರೆ ಬಿಸಿಲು ಸರಿದಂತೆ ತಾನೂ ಜಗುಲಿಯ ಮೇಲೆ ಸರಿಯುತ್ತಾ ಸುಖವಾಗಿತ್ತು. ಸ್ವಾತಂತ್ರ್ಯ ಬಂತೆಂದು ಸ್ಕೂಲಿನಲ್ಲಿ ಪೆಪ್ಪರಮಿಂಟು ಹಂಚಿದ ದಿನ ನನ್ನ ದೊಡ್ಡ ಮಗಳು ಒಂದನ್ನು ತಂದು ಅದರ ಮುಂದಿಟ್ಟಳು. ಅದು ಮೂಸಿ, ಎದ್ದು ಹೋಗಿ ನೀರು ಕುಡಿಯಿತು.

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಅದೇ ಜಗುಲಿಯ ಬಿಸಿಲಲ್ಲಿ ಮಲಗಿದ್ದದ್ದು ಮತ್ತೆ ಏಳಲಿಲ್ಲ. ನನಗೆ ಬಹಳ ಅಳು ಬಂತು, ಅತ್ತುಬಿಟ್ಟೆ. ತವರಿನಿಂದ ನನ್ನೊಡನೆ ಬಂದ ಜೀವ ಅದೊಂದೇ. ಮಾವ ಹಿತ್ತಲ ನುಗ್ಗೆಮರದ ಬುಡದಲ್ಲಿ ಗುಂಡಿ ತೋಡುತ್ತೇನೆಂದು ಗುದ್ದಲಿ ಕೇಳಿದರು. ಗುದ್ದಲಿ ಕೊಟ್ಟಿಗೆಯ ಒಳಮೂಲೆಯಲ್ಲಿತ್ತು. ನಮ್ಮ ಎಮ್ಮೆ ಅತ್ತೆಯನ್ನು ಬಿಟ್ಟು ಬೇರೆಯವರು ಬಂದರೆ ಹಾಲು ಏರಿಸಿಕೊಳ್ಳುತ್ತದೆ ಎಂದು ಅವರು ಯಾರನ್ನೂ ಆ ಕಡೆ ಬಿಡುತ್ತಿರಲಿಲ್ಲ, ನಾನು ಅಲ್ಲಿಗೆ ಹೋಗಿ ಎಷ್ಟೋ ಕಾಲವಾಗಿತ್ತು.

ಗುದ್ದಲಿಯ ಪಕ್ಕ, ಒಣಹುಲ್ಲಿನ ಮರೆಯಲ್ಲಿ ಒಂದು ಹಳೆಯ ಮಣ್ಣಿನ ಬೋಗುಣಿ ಇತ್ತು. ಅಂಚಿನವರೆಗೆ ತುಂಬಿದ ನೀರು, ಆ ಬೆಳಿಗ್ಗೆಯೇ ತುಂಬಿದ್ದು. ಅಂಚಿಗೆ ಕೊತ್ತಿಯ ಕೂದಲು ಅಂಟಿತ್ತು. ಬೋಗುಣಿಯ ಹಿಂದೆ ಒಂದು ಚಪ್ಪಟೆ ಕಲ್ಲು, ಅದರ ಮೇಲೊಂದು ಗುಂಡುಕಲ್ಲು. ಎರಡರ ಮೇಲೂ ಹಳೆಯ ಅರಿಶಿನದ ಕಲೆ.

ಹಿಂದೆ ಸದ್ದಾಯಿತು. ಅತ್ತೆ ಹಾಲಿನ ಚೊಂಬು ಹಿಡಿದು ನಿಂತಿದ್ದರು. ನಾನು ಬೋಗುಣಿ ನೋಡಿದೆ, ಕಲ್ಲು ನೋಡಿದೆ, ಅವರನ್ನು ನೋಡಿದೆ. ಅರ್ಧ ಗಡಿಗೆಯ ಲೆಕ್ಕ ಆಗ ಸರಿಹೋಯಿತು. ತಾವು ಕೊಟ್ಟದ್ದಕ್ಕಿಂತ ಒಂದು ಬೊಗಸೆ ಹೆಚ್ಚು ಹೋಗಿತ್ತಲ್ಲ, ಅದನ್ನೇ ಅವರು ಕಳ್ಳತನ ಎಂದುಕೊಂಡಿದ್ದರು. ಅವರು ಚೊಂಬು ಕೆಳಗಿಟ್ಟು, ಬಗ್ಗಿ, ಬೋಗುಣಿಯ ನೀರನ್ನು ಎಮ್ಮೆಯ ಕಾಲ ಬಳಿ ಚೆಲ್ಲಿದರು. ಸೆರಗಿನಿಂದ ಬೋಗುಣಿಯ ಒಳಗನ್ನು ಒರೆಸಿದರು.

‘ಏನಮ್ಮಿ ಅಂಗೆ ನೋಡ್ತೀಯ’ ಎಂದರು. ‘ಉಪ್ಪು ನಿನ್ನೊಬ್ಳ ಕೈಯಾಗೇ ಇತ್ತಾ?’